ಒಂದು ರೂಮಿನ ತಪ್ಪು, ಮುನ್ನೂರು ರೂಮಿನ ತಪ್ಪು

ವಿದ್ಯಾರ್ಥಿ ವಸತಿ ಮತ್ತು ಹೋಟೆಲ್ ಕಟ್ಟಡಗಳ ಡೆವಲಪ್‌ಮೆಂಟ್ ಮ್ಯಾನೇಜರ್ ಅಂದರೆ ಏನು ಕೆಲಸ ಅಂತ ತುಂಬಾ ಜನ ಕೇಳುತ್ತಾರೆ. ನಾನು ನಕ್ಷೆ ಬರೆಯುವುದಿಲ್ಲ, ಗೋಡೆ ಕಟ್ಟುವುದಿಲ್ಲ, ಹೋಟೆಲ್ ನಡೆಸುವುದೂ ಇಲ್ಲ. ಜಾಗ ನೋಡುವ ದಿನದಿಂದ ಬೀಗದ ಕೈ ಕೊಡುವ ದಿನದವರೆಗೆ ಇವರೆಲ್ಲರ ನಡುವೆ ನಿಂತು ಕೆಲಸ ಮುಗಿಸುವುದು ನನ್ನ ಹೊಣೆ. ಹಣ ಹಾಕಿದವರಿಗೆ ಲೆಕ್ಕ ಒಪ್ಪಿಸಬೇಕಾದವನೂ ನಾನೇ.

ನನ್ನ ಮೊದಲ ವಿದ್ಯಾರ್ಥಿ ವಸತಿಯಲ್ಲಿ 300 ರೂಮುಗಳಿದ್ದವು. ಇಂಥ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಒಂದು ಸ್ಯಾಂಪಲ್ ರೂಮ್ ಕಟ್ಟುತ್ತಾರೆ. ಅದನ್ನು ನೋಡಿ ಒಪ್ಪಿಗೆ ಕೊಟ್ಟರೆ ಉಳಿದದ್ದೆಲ್ಲ ಅದರ ಪಡಿಯಚ್ಚು. ನಾನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿದೆ. ಟೈಲ್ಸ್ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು, ಮಂಚ ಗಟ್ಟಿಯಾಗಿತ್ತು. ಸಹಿ ಹಾಕಿದೆ.

ಮಕ್ಕಳು ಬಂದು ಮೂರನೇ ವಾರ, ಒಂದು ರಾತ್ರಿ ಬಾತ್‌ರೂಮಿನ ಪೈಪು ಸೋರಿತು. ನೀರು ಬಂದ್ ಮಾಡುವ ವಾಲ್ವ್ ಎಲ್ಲಿತ್ತು ಗೊತ್ತಾ? ಬಟ್ಟೆ ಬೀರುವಿನ ಹಿಂದೆ. ಬೀರುವನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದರು. ಆ ಹುಡುಗನ ಬಟ್ಟೆ, ಪುಸ್ತಕ ಎಲ್ಲ ಮಂಚದ ಮೇಲೆ ಸುರಿದು, ಸ್ಕ್ರೂ ಬಿಚ್ಚಿ, ಬೀರು ಎಳೆದು ವಾಲ್ವ್ ತಿರುಗಿಸುವಷ್ಟರಲ್ಲಿ ಕೆಳಗಿನ ರೂಮಿನ ಸೀಲಿಂಗ್ ಒದ್ದೆಯಾಗಿತ್ತು. 300 ರೂಮಿನಲ್ಲೂ ಅದೇ ಬೀರು, ಅದೇ ವಾಲ್ವ್. ರಜೆ ಬರುವ ತನಕ ಕಾದು, ಪ್ರತಿ ಬೀರುವಿನ ಹಿಂಬದಿಯ ಹಲಗೆ ಕೊಯ್ದು ಚಿಕ್ಕ ಬಾಗಿಲು ಮಾಡಿಸಿದೆವು. ನಕ್ಷೆಯ ಮೇಲೆ ಒಂದು ಗೆರೆ ಎಳೆದಿದ್ದರೆ ಸಾಕಾಗುತ್ತಿತ್ತು.

ಅಲ್ಲಿಂದ ಮುಂದೆ ಸ್ಯಾಂಪಲ್ ರೂಮಿನಲ್ಲಿ ಒಂದು ರಾತ್ರಿ ಮಲಗದೆ ನಾನು ಸಹಿ ಹಾಕುವುದಿಲ್ಲ. ನೀರು, ಕರೆಂಟು ಕೊಡಿಸಿ, ಬಾಗಿಲು ಹಾಕಿಕೊಂಡು ಮಲಗುತ್ತೇನೆ. ಹಗಲು ಕಾಣದ್ದು ಆಗ ಕಾಣುತ್ತದೆ. ಕಾರಿಡಾರಿನ ದೀಪ ಬಾಗಿಲ ಸಂದಿಯಿಂದ ನೇರ ಕಣ್ಣಿಗೆ ಹೊಡೆಯುತ್ತದೆ. ಫೋನ್ ಚಾರ್ಜಿಗೆ ಹಾಕಿದರೆ ವೈರು ದಿಂಬಿನ ತನಕ ಬರುವುದಿಲ್ಲ. ಕಿಟಕಿ ತೆಗೆಯಲು ಮೇಜಿನ ಮೇಲೆ ಹತ್ತಬೇಕು. ಪಕ್ಕದ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಾಗ ದಢಾರ್ ಅಂತ ಎಚ್ಚರವಾಗುತ್ತದೆ. ಅದು ಬೆಂಕಿ ತಡೆಯುವ ಬಾಗಿಲು, ತಾನಾಗಿ ಮುಚ್ಚಲೇಬೇಕು. ಆದರೆ ಬಾಗಿಲನ್ನು ಎಳೆದು ಮುಚ್ಚುವ ಕ್ಲೋಸರ್ ಸರಿಯಾಗಿ ಹೊಂದಿಸಿದರೆ ಮೆಲ್ಲಗೆ ಮುಚ್ಚುತ್ತದೆ. ಹೀಗೆ ಒಂದೊಂದನ್ನೂ ಬೆಳಿಗ್ಗೆ ಎದ್ದ ಕೂಡಲೇ ಬರೆದಿಡುತ್ತೇನೆ.

ಹೋಟೆಲ್ ಆದರೆ ಇನ್ನೊಂದು ಕೆಲಸ ಜಾಸ್ತಿ. ಹೌಸ್‌ಕೀಪಿಂಗ್‌ನವರನ್ನು ಕರೆಸಿ, ನಿಜವಾದ ಹಾಸಿಗೆ, ನಿಜವಾದ ಟ್ರಾಲಿ ಕೊಟ್ಟು ರೂಮು ಕ್ಲೀನ್ ಮಾಡಿಸುತ್ತೇನೆ. ಒಮ್ಮೆ ಒಬ್ಬ ಹೆಂಗಸು ಗೋಡೆಗೂ ಮಂಚಕ್ಕೂ ನಡುವೆ ಅಡ್ಡವಾಗಿ ತೂರಿಕೊಂಡು, "ಸಾರ್, ಇಲ್ಲಿ ಬಗ್ಗೋಕೆ ಜಾಗಾನೇ ಇಲ್ಲ, ಬೆಡ್‌ಶೀಟ್ ಹೇಗೆ ಸಿಕ್ಕಿಸಲಿ?" ಅಂದರು. ಆರ್ಕಿಟೆಕ್ಟ್, ಡಿಸೈನರ್, ಹೋಟೆಲ್ ಬ್ರ್ಯಾಂಡಿನವರು, ನಾನು, ಎಲ್ಲರೂ ಆ ನಕ್ಷೆ ನೋಡಿದ್ದೆವು. ಯಾರಿಗೂ ಹೊಳೆದಿರಲಿಲ್ಲ. ದಿನಕ್ಕೆ ಹತ್ತಾರು ರೂಮು ಮಾಡುವವರ ಸೊಂಟಕ್ಕೆ ಅದು ದೊಡ್ಡ ವಿಷಯ. ಮಂಚದ ಪಕ್ಕದ ಮೇಜು ಕಿರಿದು ಮಾಡಿ, ಮಂಚ ಸರಿಸಿದೆವು.

ಗೋಡೆಯ ಲೆಕ್ಕವೂ ಹೀಗೇ. ಶಬ್ದ ತಡೆಯಲು ರೂಮುಗಳ ನಡುವಿನ ಗೋಡೆಯನ್ನು ಇನ್ನೂ 25 ಮಿಲಿಮೀಟರ್ ದಪ್ಪ ಮಾಡೋಣ ಅಂತ ಯಾರೋ ಮೀಟಿಂಗಿನಲ್ಲಿ ಹೇಳುತ್ತಾರೆ. ಕೇಳಲು ಏನೂ ಅಲ್ಲ, ಅಲ್ವಾ? ಒಂದು ಸಾಲಿನಲ್ಲಿ 20 ರೂಮಿದ್ದರೆ 500 ಮಿಲಿಮೀಟರ್, ಅಂದರೆ ಅರ್ಧ ಮೀಟರ್. ಆ ಅರ್ಧ ಮೀಟರನ್ನು ಮೆಟ್ಟಿಲಿನಿಂದ ಕಿತ್ತುಕೊಳ್ಳಬೇಕು, ಇಲ್ಲವೇ ರೂಮು ಚಿಕ್ಕದು ಮಾಡಬೇಕು. ಅದಕ್ಕೇ ಶಬ್ದದ ತಜ್ಞರನ್ನು ನಾನು ನಕ್ಷೆಯ ಮೊದಲ ವಾರದಲ್ಲೇ ಕರೆಸುತ್ತೇನೆ.

ಹೋಟೆಲ್, ವಿದ್ಯಾರ್ಥಿ ವಸತಿ ಎರಡೂ ಹೊರಗಿನಿಂದ ಒಂದೇ ಥರ ಕಂಡರೂ ದಿನಾಂಕದ ವಿಷಯದಲ್ಲಿ ತುಂಬಾ ಬೇರೆ. ಹೋಟೆಲ್ ಒಂದು ತಿಂಗಳು ತಡವಾಗಿ ತೆರೆದರೆ ಒಂದು ತಿಂಗಳ ಆದಾಯ ಹೋಗುತ್ತದೆ. ಹೇಗೂ ಅದು ಪೂರ್ತಿ ಕುದುರಿಕೊಳ್ಳಲು ಎರಡು ಮೂರು ವರ್ಷ ಬೇಕು. ವಿದ್ಯಾರ್ಥಿ ವಸತಿಗೆ ಆ ರಿಯಾಯಿತಿ ಇಲ್ಲ. ಕ್ಲಾಸು ಶುರುವಾಗುವ ಹೊತ್ತಿಗೆ ರೂಮು ಇಲ್ಲದಿದ್ದರೆ ಮಕ್ಕಳು ಬೇರೆ ಕಡೆ ವರ್ಷದ ಕರಾರು ಮಾಡಿಕೊಳ್ಳುತ್ತಾರೆ. ಮುಂದಿನ ವರ್ಷದ ತನಕ ಆ ಮಂಚಗಳು ಖಾಲಿ. ಮೊದಲೇ ಬುಕ್ ಮಾಡಿದವರನ್ನು ನಮ್ಮ ಖರ್ಚಿನಲ್ಲಿ ಎಲ್ಲಾದರೂ ಇರಿಸಬೇಕಾಗಿ ಬರಬಹುದು. ಇದಕ್ಕಿಂತ ಹೆಚ್ಚಾಗಿ, ಮನೆ ಬಿಟ್ಟು ಮೊದಲ ಸಲ ಪೆಟ್ಟಿಗೆ ಹಿಡಿದು ಬಂದ ಹುಡುಗಿಗೆ "ಇನ್ನೂ ರೆಡಿಯಾಗಿಲ್ಲ" ಅಂತ ಹೇಳುವುದು ನನಗೆ ಆಗುವುದಿಲ್ಲ.

ಹಾಗಾಗಿ ಲೆಕ್ಕ ಹಿಂದಿನಿಂದ ಹಾಕುತ್ತೇನೆ. ಮಕ್ಕಳು ಬರುವ ದಿನ, ಅದಕ್ಕೂ ಮೊದಲು ಸಿಬ್ಬಂದಿ ಕಟ್ಟಡ ಕಲಿಯಲು ಬೇಕಾದ ವಾರಗಳು, ಅದಕ್ಕೂ ಮೊದಲು ಅಗ್ನಿ ಸುರಕ್ಷತೆಯ ಒಪ್ಪಿಗೆ, ಲಿಫ್ಟ್ ಪರೀಕ್ಷೆ, ಇಂಟರ್ನೆಟ್. ಕಾಂಟ್ರ್ಯಾಕ್ಟರ್ ಕೊಡುವ ದಿನಾಂಕ ಈ ಸಾಲಿನಲ್ಲಿ ಎಲ್ಲಿ ಬೀಳುತ್ತದೆ ಅಂತ ನೋಡುತ್ತೇನೆ. ನೀರಿನ ಕೆಲಸಕ್ಕೆ ಪ್ರತ್ಯೇಕ ಸಮಯ ಇಡುತ್ತೇನೆ. ಕಟ್ಟಡ ರೆಡಿಯಾಗಿ ಖಾಲಿ ನಿಂತರೆ ಪೈಪಿನಲ್ಲಿ ನೀರು ನಿಲ್ಲುತ್ತದೆ. 20 ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರಿನ ಹನಿಗಳನ್ನು ಉಸಿರಾಡಿದರೆ ಶ್ವಾಸಕೋಶದ ಕಾಯಿಲೆ ಬರಬಹುದು. ಬಿಸಿನೀರಿನ ಟ್ಯಾಂಕು 60 ಡಿಗ್ರಿಯಲ್ಲಿ ಇರಬೇಕು, ಪ್ರತಿ ನಲ್ಲಿ, ಪ್ರತಿ ಶವರನ್ನು ವಾರಕ್ಕೊಮ್ಮೆಯಾದರೂ ಬಿಟ್ಟು ಹರಿಸಬೇಕು. ಯಾವ ರೂಮು, ಯಾವ ದಿನ, ಯಾರು ಹರಿಸಿದರು ಅಂತ ರಿಜಿಸ್ಟರಿನಲ್ಲಿ ಬರೆಸುತ್ತೇನೆ.

ಕಟ್ಟಡ ತೆರೆದು ಮೂರು ತಿಂಗಳಾದ ಮೇಲೆ ಮತ್ತೆ ಹೋಗುತ್ತೇನೆ. ಇದನ್ನು ನನಗೆ ಯಾರೂ ಹೇಳಿಲ್ಲ, ಬಿಲ್ಲಿನಲ್ಲೂ ಸೇರಿಲ್ಲ. ಕ್ಲೀನ್ ಮಾಡುವವರ ಜೊತೆ ಒಂದು ಮಹಡಿ ಪೂರ್ತಿ ಸುತ್ತುತ್ತೇನೆ. ಕಳೆದ ಸಲ ಅವರು ಮೊದಲು ತೋರಿಸಿದ್ದು ಕುರ್ಚಿಗಳ ಬೆನ್ನನ್ನು. ಎಲ್ಲ ಕುರ್ಚಿಯ ಮೇಲೂ ಒದ್ದೆ ಟವೆಲ್. ಒಣಗಿಸಲು ರೂಮಿನಲ್ಲಿ ನಾವು ಜಾಗವೇ ಕೊಟ್ಟಿರಲಿಲ್ಲ. ಈಗ ಕಟ್ಟುತ್ತಿರುವ ವಸತಿಯ ಸ್ಯಾಂಪಲ್ ರೂಮಿನಲ್ಲಿ ಬಾಗಿಲ ಹಿಂದೆ ಎರಡು ಕೊಕ್ಕೆ, ಕಿಟಕಿ ಕೆಳಗೆ ಒಂದು ಕಂಬಿ ಹಾಕಿಸಿದ್ದೇನೆ. ಗುರುವಾರ ರಾತ್ರಿ ಅಲ್ಲಿ ಮಲಗುತ್ತೇನೆ, ಒಂದು ಒದ್ದೆ ಟವೆಲ್ ತೆಗೆದುಕೊಂಡು.