ಹೊಸಬರಿಗೆ ಮಾರ್ಗದರ್ಶಿ: ಏನು ಕೇಳಬಹುದು, ಏನು ಕೇಳಬಾರದು

ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕೂತವರನ್ನೂ "ಈ ಸಲ ಯಾರು ಬರ್ತಾರೆ ಸಾರ್?" ಎಂದು ಕೇಳುವವರು ನಾವು. ಅಮೆರಿಕದಲ್ಲಿ ಆ ಚಾಳಿ ಬಿಡಿ.

2016ರ ನವೆಂಬರ್, ಚುನಾವಣೆಯ ಮಾರನೇ ದಿನ. ನಾನು ಬಂದು ಮೂರು ತಿಂಗಳಾಗಿತ್ತು. ಆಫೀಸಿನಲ್ಲಿ ಪುಳಿಯೋಗರೆ ಡಬ್ಬಿ ತೆರೆಯುತ್ತಾ "ನೀವು ಯಾರಿಗೆ ಹಾಕಿದ್ರಿ?" ಎಂದು ಕೇಳಿಬಿಟ್ಟೆ. ಒಬ್ಬಾಕೆ ಸಲಾಡ್‌ನಲ್ಲಿ ಏನೋ ಹುಡುಕತೊಡಗಿದರು. ಇನ್ನೊಬ್ಬರಿಗೆ ತಟ್ಟನೆ ಮೀಟಿಂಗ್ ನೆನಪಾಯಿತು. ಎರಡು ವಾರ ಯಾರೂ ನನ್ನನ್ನು ಊಟಕ್ಕೆ ಕರೆಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು! ತಮಾಷೆ ನೋಡಿ, ಇದೇ ಜನ ಮನೆ ಮುಂದಿನ ಹುಲ್ಲಿನಲ್ಲಿ ಅಭ್ಯರ್ಥಿಯ ಬೋರ್ಡು ನೆಡುತ್ತಾರೆ. ಅವರಾಗಿ ಹೇಳಿದರೆ ಸರಿ, ನಾವು ಕೆದಕಬಾರದು.

ಟಿವಿ, ವಾಟ್ಸಾಪ್ ನೋಡಿ "ಈ ರಾಜ್ಯದವರೆಲ್ಲ ಹೀಗೇ" ಅನ್ನಬೇಡಿ. ಕಾನ್ಸಾಸ್ ರಾಜ್ಯ ಗರ್ಭಪಾತ ವಿರೋಧಿಸುವ ರಿಪಬ್ಲಿಕನ್ ಪಕ್ಷದ ಗಟ್ಟಿ ನೆಲ. ಆದರೂ 2022ರ ಆಗಸ್ಟ್‌ನಲ್ಲಿ ಅಲ್ಲಿನ ಸಂವಿಧಾನದಿಂದ ಗರ್ಭಪಾತದ ಹಕ್ಕು ತೆಗೆಯುವ ತಿದ್ದುಪಡಿಗೆ ಸುಮಾರು 59% ಮತದಾರರು ಬೇಡ ಅಂದರು. ಜನ ಬದಲಾಗುವುದೂ ಉಂಟು. ಗ್ಯಾಲಪ್ ಸಮೀಕ್ಷೆಯಲ್ಲಿ ಕರಿಯರು-ಬಿಳಿಯರ ಮದುವೆಗೆ ಒಪ್ಪಿದವರು 1958ರಲ್ಲಿ 4%, 2021ರಲ್ಲಿ 94%. ಸಲಿಂಗ ಮದುವೆಗೆ 1996ರಲ್ಲಿ 27% ಇದ್ದ ಒಪ್ಪಿಗೆ 2021ಕ್ಕೆ 70% ಆಯಿತು. ನಿಮ್ಮ ಮಗುವಿನ ಟೀಚರ್ "ನನ್ನ ಹೆಂಡತಿ" ಅಂದರೆ ಕಣ್ಣರಳಿಸಬೇಡಿ ಮೇಡಂ. ನಮ್ಮ ಕನ್ನಡ ಸಂಘದ ಯುಗಾದಿ ನಾಟಕದಲ್ಲೂ ಸಲಿಂಗಿಗಳ ಮೇಲಿನ ಜೋಕುಗಳು ಸಾಕು. ಇಷ್ಟು ಒಳ್ಳೆ ಕಲಾವಿದರಿರುವ ಸಂಘಕ್ಕೆ ಅದು ಬೇಕಾ?

ಕೇಳಲೇಬೇಕಾದ ಪ್ರಶ್ನೆ ಒಂದಿದೆ. ವಯಸ್ಕರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಹತ್ತಿರ ಬಂದೂಕಿದೆ. ಮಕ್ಕಳನ್ನು ಆಟಕ್ಕೆ ಕಳಿಸುವ ಮುಂಚೆ "ಮನೆಯಲ್ಲಿ ಗನ್ ಇದೆಯಾ? ಬೀಗ ಹಾಕಿದೆಯಾ?" ಅಂತ ಕೇಳಿ. ಬಂದೂಕು ಇರಬೇಕೋ ಬೇಡವೋ ಅನ್ನುವ ವಾದ ಬೇಡ, ಬೀಗದ ವಿಷಯ ಸಾಕು. ಇಲ್ಲಿ ಸಂಕೋಚಪಟ್ಟುಕೊಂಡು ಸುಮ್ನೆ ಇರಬೇಡಿ.

ಉಳಿದವು:
- ಡ್ರೈವಿಂಗ್ ಲೈಸೆನ್ಸ್ ಫಾರ್ಮಿನಲ್ಲಿ ವೋಟರ್ ನೋಂದಣಿಯ ಪ್ರಶ್ನೆ ಬರುತ್ತದೆ. ಸಿಟಿಜನ್ ಆಗುವವರೆಗೆ "ಇಲ್ಲ" ಅನ್ನಿ. ಗ್ರೀನ್ ಕಾರ್ಡ್ ಇದ್ದರೂ ಅಷ್ಟೇ. ಓದದೆ ಟಿಕ್ ಹಾಕಿದರೆ ದೇಶ ಬಿಡಬೇಕಾದೀತು.
- ಎಚ್1ಬಿ (ಕೆಲಸದ ವೀಸಾ) ಮೇಲೆ ಬಂದವರು ಚುನಾವಣಾ ದೇಣಿಗೆ ಕೊಡುವಂತಿಲ್ಲ.
- ಸಮೀಕ್ಷೆಯ ಫೋನಿಗೆ ಉತ್ತರಿಸುವುದು ನಿಮ್ಮಿಷ್ಟ. ಸೋಶಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೇಳಿದರೆ ಫೋನ್ ಇಟ್ಟುಬಿಡಿ.