ಬಾತ್‌ರೂಮ್ ಫ್ಯಾನಿಗೆ ಜನ ಕರೆಯುವ ಮೊದಲು ಇಷ್ಟು ನೋಡಿ

ಮೊನ್ನೆ ಜುಲೈಯ ಆ ಜೋರು ಮಳೆ ದಿವಸ ಮುಂಬೈ ಹತ್ರದ ಠಾಣೆ ಊರಿಂದ ನನ್ನ ತಂಗಿ ಮಗಳ ಫೋನು. ದೊಡ್ಡಮ್ಮ, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಗುಂಯ್ ಅಂತದೆ, ಆದ್ರೆ ತಿರುಗುದಿಲ್ಲ, ಇಲೆಕ್ಟ್ರಿಷಿಯನ್ ಬಂದು ನೋಡಿದ, ಮೋಟರ್ ಹೋಗಿದೆ, ಹೊಸತು ಹಾಕ್ಬೇಕು, ಫಿಟ್ಟಿಂಗ್ ಎಲ್ಲ ಸೇರಿ ಮೂರೂವರೆ ಸಾವಿರ ಅಂತಾನೆ, ಹೂಂ ಅನ್ಲಾ ಅಂತ. ನಾನು ಕೇಳಿದ್ದು ಒಂದೇ, ಅವ ಸ್ಟೂಲ್ ಹತ್ತಿದ್ನಾ? ಇಲ್ವಂತೆ, ಬಾಗಿಲಲ್ಲೇ ನಿಂತು ಸ್ವಿಚ್ ಒಮ್ಮೆ ಹಾಕಿ ತೆಗ್ದು ಹೇಳಿದ್ದಂತೆ. ಕೆಳಗೆ ನಿಂತು ಮುಖ ನೋಡಿ ಹೇಳ್ಲಿಕ್ಕೆ ಅವನೆಂತ ಜೋಯಿಸನಾ ಮಾರಾಯ್ತಿ, ವಿಸಿಟಿಂಗ್ ಚಾರ್ಜ್ ಕೊಟ್ಟು ಕಳ್ಸು ಅಂದೆ.

ನಾನು ಅದೇ ಕಡೆಯ ಡೊಂಬಿವಲಿಗೆ ಮದುವೆಯಾಗಿ ಬಂದು 38 ವರ್ಷ ಆಯ್ತು, ಮೂರು ಮನೆ ಬದಲಾಯ್ತು, ಈ ಫ್ಯಾನಿನ ವಿಷಯದಲ್ಲಿ ನಾನು ಮಾಡದ ತಪ್ಪಿಲ್ಲ. ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿ ಹವೆ ಹೇಗಿರ್ತದೆ ಅಂತ ಗೊತ್ತುಂಟಲ್ಲ, ಟವೆಲ್ ಮೂರು ದಿನ ಆದ್ರೂ ಒಣಗುದಿಲ್ಲ, ಟೈಲ್ಸಿನ ಸಂದಿಯಲ್ಲೆಲ್ಲ ಕಪ್ಪು ಬೂಸಲು, ಬಾತ್‌ರೂಮಿನ ಸೀಲಿಂಗ್ ಪೇಂಟ್ ಹಪ್ಪಳದ ಹಾಗೆ ಎದ್ದು ಬರ್ತದೆ. ಹಾಗಾಗಿ ಫ್ಯಾನ್ ಬೇಕೇ ಬೇಕು, ಶೋಕಿಗಲ್ಲ.

ಮೊದ್ಲು ಕೆಟ್ಟ ಫ್ಯಾನಿನ ಕತೆ. ಗುಂಯ್ ಅಂತ ಶಬ್ದ ಬಂದು ತಿರುಗದಿದ್ರೆ ಕರೆಂಟು ಬರ್ತಾ ಉಂಟು ಅಂತ ಅರ್ಥ. ಆಗ ಸ್ವಿಚ್ ಅಲ್ಲ, ಮೇನ್‌ನಲ್ಲಿ ಆ ಲೈನಿನ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚನ್ನೇ ಇಳಿಸಿ, ಒಣ ಕೋಲಿನಿಂದ ರೆಕ್ಕೆಯನ್ನು ಮೆಲ್ಲ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದ್ರೆ ಹೆಚ್ಚಾಗಿ ಕೆಪಾಸಿಟರ್, ಅಂದ್ರೆ ಮೋಟರನ್ನು ತಿರುಗ್ಲಿಕ್ಕೆ ಶುರು ಮಾಡಿಸುವ ಸಣ್ಣ ಡಬ್ಬಿ, ಹೋಗಿರ್ತದೆ, ನೂರು ರೂಪಾಯಿಯೂ ಆಗ್ಲಿಕ್ಕಿಲ್ಲ ಅದಕ್ಕೆ. ಬಿಗಿಯಾಗಿದ್ರೆ ಧೂಳು ಎಣ್ಣೆ ಸೇರಿ ಮೋಟರಿನ ಕಂಬಿ ತಿರುಗುವ ಬುಷ್ ಜಾಮ್ ಆಗಿರ್ತದೆ, ಇಲ್ಲಾ ಎಂತದೋ ಸಿಕ್ಕಿಬಿದ್ದಿರ್ತದೆ. ಶಬ್ದವೇ ಇಲ್ಲದಿದ್ರೆ ಸ್ವಿಚ್ಚೋ ವೈರೋ ನೋಡ್ಬೇಕು. ಒಂದು ಮಾತ್ರ, ಜಾಮ್ ಆದ ಫ್ಯಾನನ್ನು ತಿರುಗೀತು ತಿರುಗೀತು ಅಂತ ಆನ್ ಇಟ್ಟೇ ಕೂತ್ರೆ ಮೋಟರಿನೊಳಗೆ ಸುತ್ತಿದ ತಂತಿ, ವೈಂಡಿಂಗ್, ಸುಟ್ಟು ಹೋಗ್ತದೆ, ಆಮೇಲೆ ಆ ಬಾಗಿಲಲ್ಲಿ ನಿಂತವ ಹೇಳಿದ್ದೇ ನಿಜ ಆಗ್ತದೆ. ಹಾಗೇನಾದ್ರೂ ಸುಟ್ಟಿದ್ರೆ 6 ಇಂಚಿನ ಸಣ್ಣ ಫ್ಯಾನನ್ನು ರಿವೈಂಡ್ ಮಾಡಿಸ್ಲಿಕ್ಕೆ ಹೋಗ್ಬೇಡಿ, ಕೂಲಿಯೇ ಹೊಸ ಫ್ಯಾನಿನ ಹತ್ರ ಬರ್ತದೆ.

ಯಾರನ್ನ ಕರೆಯುದು ಅಂತ ಕೇಳಿದ್ರೆ ನನಗೆ ಆ್ಯಪಿಗಿಂತ ಮಾರ್ಕೆಟ್ಟಿನ ಇಲೆಕ್ಟ್ರಿಕ್ ಅಂಗಡಿಯವನ ಮೇಲೆ ಜಾಸ್ತಿ ನಂಬಿಕೆ, ಯಾಕಂದ್ರೆ ನಾಳೆ ತರಕಾರಿಗೆ ಹೋದಾಗಲೂ ಅವ ಅಲ್ಲೇ ಕೂತಿರ್ತಾನೆ, ಎಲ್ಲಿಗೆ ಓಡ್ತಾನೆ. ನಿಮ್ಗೆ ಆ್ಯಪೇ ಸಲೀಸು ಅಂದ್ರೆ ಕರೀರಿ, ಆದ್ರೆ ಫೋನಲ್ಲೇ ಐದು ಮಾತು ಕೇಳಿ ಇಟ್ಕೊಳ್ಳಿ. ವೈರ್‌ಮನ್ ಲೈಸೆನ್ಸ್ ಉಂಟಾ, ವಿಸಿಟಿಂಗ್ ಚಾರ್ಜ್ ಎಷ್ಟು, ಕೆಲಸ ಮಾಡಿಸಿದ್ರೆ ಅದನ್ನು ಕೂಲಿಯಲ್ಲಿ ವಜಾ ಮಾಡ್ತೀರಾ, ಘೋಡಾ (ಹತ್ತುವ ಏಣಿ) ಮತ್ತೆ ಡ್ರಿಲ್ ನೀವೇ ತರ್ತೀರಾ, ಗೋಡೆ ಒಡೆದ್ರೆ ವಾಪಸ್ ಸಿಮೆಂಟ್ ಹಾಕಿ ಕೊಡುವವ ಯಾರು. ಈ ಕೊನೆಯದ್ದೇ ದೊಡ್ಡ ತಲೆನೋವು. ತೂತು ಕಡಿಯಾ, ಅಂದ್ರೆ ಗಾರೆಯವ, ಮಾಡ್ತಾನೆ, ಫ್ಯಾನ್ ಇಲೆಕ್ಟ್ರಿಷಿಯನ್ ಹಾಕ್ತಾನೆ, ತೂತು ದೊಡ್ಡದಾಯ್ತು ಅಂತ ಇವ, ಫ್ಯಾನೇ ಸಣ್ಣದು ತಂದ್ರು ಅಂತ ಅವ, ನಡುವೆ ನಾವು ಪೊರಕೆ ಹಿಡ್ಕೊಂಡು ನಿಲ್ಲುದು. ಹಾಗಾಗಿ ಫ್ಯಾನ್ ಮನೆಗೆ ಬಂದ ಮೇಲೆಯೇ ತೂತಿಗೆ ಕೈ ಹಾಕ್ಲಿಕ್ಕೆ ಬಿಡಿ. ಡಬ್ಬಿ ಮೇಲೆ 150 ಎಂಎಂ (6 ಇಂಚು) ಅಂತ ಬರೆದದ್ದು ರೆಕ್ಕೆಯ ಅಳತೆ, ಅದರ ಫ್ರೇಮು ಇನ್ನೂ ದೊಡ್ಡದಿರ್ತದೆ, ಒಂದೊಂದು ಕಂಪನಿಯದ್ದು ಒಂದೊಂದು ಥರ.

ಸೈಜಿನ ವಿಷಯ ಜಾಸ್ತಿ ತಲೆ ಕೆಡಿಸ್ಕೊಳ್ಬೇಡಿ. ನಮ್ಮ ಬಾತ್‌ರೂಮುಗಳು 5 ಅಡಿಗೆ 7 ಅಡಿ, ಎತ್ತರ 8 ಅಡಿ, ಅಂದ್ರೆ ಹತ್ತಿರ ಹತ್ತಿರ 8 ಕ್ಯೂಬಿಕ್ ಮೀಟರ್ ಗಾಳಿ. ಗಂಟೆಗೆ 100 ಕ್ಯೂಬಿಕ್ ಮೀಟರ್ ಎಳೆಯುವ ಫ್ಯಾನಿದ್ರೆ ಗಂಟೆಯಲ್ಲಿ ಹನ್ನೆರಡು ಸಲ ಗಾಳಿ ಬದಲಾಯ್ತು, ಧಾರಾಳ ಸಾಕು. ಅಂಗಡಿಯವ 10 ಇಂಚಿನದ್ದು ತೋರಿಸಿದ್ರೆ ಅದು ಅಡುಗೆಮನೆಗೆ ಅಂತ ಹೇಳಿ.

ಇಲ್ಲಿನ ಹಳೆ ಬಿಲ್ಡಿಂಗಿನಲ್ಲಿ ಗೋಡೆ ಒಡೆಯುವ ಕೆಲಸವೇ ಎಷ್ಟೋ ಸಲ ಬೇಡ. ಡಕ್ಟ್ ಕಡೆ, ಅಂದ್ರೆ ಬಿಲ್ಡಿಂಗಿನ ಪೈಪುಗಳು ಇಳಿಯುವ ತೆರೆದ ಸಂದಿಯ ಕಡೆ, ಗ್ಲಾಸಿನ ಪಟ್ಟಿಗಳ ಲೂವರ್ ಕಿಟಕಿ ಇರ್ತದಲ್ಲ, ಮೇಲಿನ ಮೂರು ನಾಲ್ಕು ಪಟ್ಟಿ ತೆಗ್ದು ಅಲ್ಲಿ ಅಕ್ರಿಲಿಕ್ ಅಥವಾ ಅಲ್ಯುಮಿನಿಯಂ ಶೀಟ್ ಕೂರಿಸಿ ಫ್ಯಾನ್ ಹಾಕಿದ್ರೆ ಆಯ್ತು. ಪ್ಲೈವುಡ್ ಹಾಕ್ತೇನೆ ಅಂದ್ರೆ ಒಪ್ಬೇಡಿ, ಒಂದು ಮಳೆಗಾಲಕ್ಕೆ ಬನ್ನಿನ ಹಾಗೆ ಉಬ್ತದೆ. ಗೋಡೆಯೇ ಒಡೀಬೇಕು ಅಂದ್ರೆ ಸೊಸೈಟಿ ಸೆಕ್ರೆಟರಿ ಹತ್ರ ಚೀಟಿ ಬರೆಸ್ಕೊಳ್ಳಿ, ಬೀಮು ಪಿಲ್ಲರ್ ಮುಟ್ಟದ ಜಾಗ ನೋಡಿ, ಸುತ್ತಿಗೆ ಉಳಿ ಬೇಡ, ದುಂಡಗೆ ತೂತು ಕೊರೆಯುವ ಕೋರ್ ಕಟಿಂಗ್ ಮಶಿನ್ ತರ್ಲಿಕ್ಕೆ ಹೇಳಿ. ಉಳಿ ಏಟಿಗೆ ಪಕ್ಕದ ನಾಲ್ಕು ಟೈಲ್ಸ್ ಬಿರುಕು ಬಿಟ್ರೆ ಅದೇ ಬಣ್ಣದ್ದು ಈಗ ಎಲ್ಲಿ ಸಿಗ್ತದೆ.

ಇನ್ನು ಗಾಳಿ ಯಾವ ಕಡೆ ಹೋಗ್ತದೆ ಅಂತ ನೀವೇ ನೋಡ್ಬೇಕು. ನಮ್ಮ ಎರಡನೇ ಮನೆಯಲ್ಲಿ ಒಬ್ಬ ಹುಡುಗ ಫ್ಯಾನನ್ನು ತಿರುಗಾ ಮುರುಗಾ ಕೂರಿಸಿ ಹೋದ, ಡಕ್ಟಿನ ಗಾಳಿಯೆಲ್ಲ ನಮ್ಮ ಬಾತ್‌ರೂಮಿಗೆ. ಕೆಳಗಿನ ಮನೆಯ ಅಜ್ಜ ಬೆಳಿಗ್ಗೆ ಆರಕ್ಕೆ ಬೀಡಿ ಹಚ್ಚಿ ಒಳಗೆ ಹೋಗ್ತಿದ್ರು, ನಮ್ಮವರು ಸ್ನಾನ ಮುಗಿಸಿ ಬಂದ್ರೆ ಅಭ್ಯಾಸ ಯಾವಾಗ ಶುರು ಮಾಡಿದ್ದು ಅಂತ ಹದಿನೈದು ದಿನ ನಾನು ಅವರನ್ನೇ ಸಂಶಯದಲ್ಲಿ ನೋಡಿದ್ದು!

ಹೊರಗೆ ಹೋಗುವ ಗಾಳಿಗೆ ಒಳಗೆ ಬರ್ಲಿಕ್ಕೂ ದಾರಿ ಬೇಕು, ಇದನ್ನು ಇಲೆಕ್ಟ್ರಿಷಿಯನ್‌ಗಳೂ ಹೇಳುದಿಲ್ಲ. ಈಗಿನ ಬಾಗಿಲು ಕೆಳಗೆ ಒಂದು ಚೂರು ಸಂದಿಲ್ಲದ ಹಾಗೆ ಕೂತಿರ್ತದೆ, ಆಗ ಫ್ಯಾನ್ ಎಷ್ಟು ಒಳ್ಳೆಯದಾದ್ರೂ ಸುಮ್ನೆ ಕೂಗ್ತದೆ ಅಷ್ಟೆ. ಬಾಗಿಲ ಕೆಳಗೆ ಅರ್ಧ ಮುಕ್ಕಾಲು ಇಂಚು ಸಂದಿ ಬಿಡಿ. ಫ್ಯಾನಿನ ಪಕ್ಕದ್ದೇ ಕಿಟಕಿ ತೆರೆದಿಟ್ರೆ ಅದು ಅಲ್ಲಿಯದ್ದೇ ಗಾಳಿ ಎಳ್ದು ಅಲ್ಲಿಗೇ ಬಿಡ್ತದೆ, ಒಳಗಿನ ಹಬೆ ಒಳಗೇ ಉಳೀತದೆ. ಮತ್ತೆ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದ್ದವರು ಫ್ಯಾನ್ ಹಾಕಿದ್ದೇವಲ್ಲ ಅಂತ ಧೈರ್ಯ ಮಾಡ್ಬೇಡಿ. ಗಾಳಿ ಸಾಲದೆ ಗ್ಯಾಸ್ ಸರಿ ಉರಿಯದಿದ್ರೆ ಕಾರ್ಬನ್ ಮೊನಾಕ್ಸೈಡ್ ಆಗ್ತದೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ಸ್ನಾನಕ್ಕೆ ಹೋದವರು ಹಾಗೇ ಬಿದ್ದು ಹೋದದ್ದುಂಟು. ಬಾಗಿಲು ಕಿಟಕಿ ಬಂದ್ ಮಾಡಿ ಫ್ಯಾನ್ ಹಾಕಿದ್ರೆ ಗೀಸರಿನ ಹೊಗೆ ಹೊರಗೆ ಹೋಗುವ ಬದ್ಲು ಒಳಗೇ ಎಳ್ಕೊಂಡು ಬರುವ ಅಪಾಯವೂ ಉಂಟು. ಅಂತ ಗೀಸರನ್ನು ಗಾಳಿ ಆಡುವ ಜಾಗಕ್ಕೆ, ಬಾತ್‌ರೂಮಿನ ಹೊರಗೆ ಹಾಕಿಸಿ.

ವೈರಿಂಗ್ ಆಗುವಾಗ ಚಾ ಮಾಡ್ಲಿಕ್ಕೆ ಒಳಗೆ ಹೋಗ್ಬೇಡಿ, ಅಲ್ಲೇ ನಿಲ್ಲಿ. ಚಾ ಆಮೇಲೆ ಕೊಟ್ರಾಯ್ತು. ಆಂಟೀ, ಪಂಖೇ ಕೋ ಅರ್ಥಿಂಗ್ ನಹೀ ಲಗತಾ, ಫ್ಯಾನಿಗೆ ಅರ್ಥಿಂಗ್ ಬೇಡ ಅಂತಾರೆ, ಅರ್ಧ ಜನರ ಬಾಯಲ್ಲಿ ಇದೇ ಮಾತು. ಮೆಟಲ್ ಬಾಡಿ ಫ್ಯಾನಾದ್ರೆ ಅರ್ಥಿಂಗಿನ ಹಸಿರು ವೈರ್ ಬೇಕೇ ಬೇಕು, ಮೂರು ವೈರ್ ಎಳೆಸಿ. ಪ್ಲಾಸ್ಟಿಕ್ ಬಾಡಿಯದ್ದು ಕೆಲವಕ್ಕೆ ಅರ್ಥಿಂಗ್ ಸ್ಕ್ರೂವೇ ಇರುದಿಲ್ಲ, ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದ್ರೆ ಅದು ಡಬಲ್ ಇನ್ಸುಲೇಶನ್, ಅಲ್ಲಿ ಅವ ಹೇಳಿದ್ದು ಸರಿ. ಒಳಗೆ ಎರಡು ವೈರ್ ತಿರುಚಿ ಟೇಪ್ ಸುತ್ತಿ ನೇತು ಬಿಡುವ ಕೆಲಸ ಬೇಡ, ಹಬೆಗೆ ಆ ಟೇಪ್ ಆರು ತಿಂಗಳಲ್ಲಿ ಬಿಚ್ಚಿ ಬರ್ತದೆ, ಕನೆಕ್ಟರ್ ಹಾಕಿ ಮುಚ್ಚಳದ ಡಬ್ಬಿಯಲ್ಲಿಡ್ಲಿ. ಸ್ವಿಚ್ ಬಾತ್‌ರೂಮಿನ ಹೊರಗೆ. ಹಳೆ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟು ಬರುವ ಫೇಸ್ ವೈರ್ ಬಿಟ್ಟು ವಾಪಸ್ ಹೋಗುವ ನ್ಯೂಟ್ರಲ್ ಮೇಲೆ ಹಾಕಿದ್ದು ನಾನೇ ಕಂಡಿದ್ದೇನೆ, ಸ್ವಿಚ್ ಆಫ್ ಇದ್ರೂ ಫ್ಯಾನಲ್ಲಿ ಕರೆಂಟು ಇರ್ತದೆ, ಅದಕ್ಕೇ ಸ್ವಿಚ್ ಆಫ್ ಮಾಡಿ ಫ್ಯಾನಿನ ವೈರಿಗೆ ಟೆಸ್ಟರ್ ಇಟ್ಟು ತೋರ್ಸು ಅಂತ ಹೇಳಿ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದ್ರೆ ಕರೆಂಟು ಸೋರಿದ್ರೆ ತಕ್ಷಣ ಲೈನ್ ಕಡಿಯುವ ಸ್ವಿಚ್, ಇಲ್ಲದಿದ್ರೆ ಅದೇ ಮನುಷ್ಯನ ಹತ್ರ ರೇಟ್ ಕೇಳಿ, ಫ್ಯಾನಿಗಿಂತ ಮೊದ್ಲು ಹಾಕಿಸ್ಬೇಕಾದ್ದು ಅದು.

ದುಡ್ಡು ಕೊಡುವ ಮೊದ್ಲು ಬಾಗಿಲು ಮುಚ್ಚಿ ಫ್ಯಾನ್ ಹಾಕಿ ಒಂದು ಟಿಶ್ಯೂ ಪೇಪರ್ ಹತ್ರ ಹಿಡೀರಿ, ಜಾಲರಿಗೆ ಅಂಟಿ ನಿಲ್ಬೇಕು. ಹದಿನೈದು ನಿಮಿಷ ಓಡ್ಲಿ, ಗಡಗಡ ಅಂದ್ರೆ ಅವನಿರುವಾಗಲೇ ಸ್ಕ್ರೂ ಟೈಟ್ ಮಾಡಿಸಿ. ಆಫ್ ಮಾಡಿದಾಗ ಹೊರಗಿನ ಶಟರ್, ಅಂದ್ರೆ ಫ್ಯಾನಿನ ಬಾಯಿ ಮುಚ್ಚುವ ಪಟ್ಟಿಗಳು, ತನ್ನಿಂತಾನೆ ಬೀಳ್ತದಾ ನೋಡಿ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು, ತಾರೀಕು. ಕರೆಂಟು ಬಿಲ್ಲಿನ ಚಿಂತೆ ಬೇಡ, 30 ವ್ಯಾಟಿನ ಫ್ಯಾನ್ ದಿನಕ್ಕೊಂದು ಗಂಟೆ ಓಡಿದ್ರೆ ತಿಂಗಳಿಗೆ ಒಂದು ಯೂನಿಟ್ ಆಗ್ಲಿಕ್ಕಿಲ್ಲ, ಸ್ನಾನ ಆದ ಮೇಲೂ ಇಪ್ಪತ್ತು ನಿಮಿಷ ಬಿಡಿ.

ಠಾಣೆಯ ಫ್ಯಾನಿಗೆ ಎಂತ ಆಗಿತ್ತು ಅಂದ್ರಾ? ಅಳಿಯನನ್ನು ಸ್ಟೂಲ್ ಹತ್ತಿಸಿ ಟಾರ್ಚ್ ಬಿಡಿಸಿದೆ. ಹೊರಗಿನ ಶಟರ್ ಮುರಿದಿತ್ತಂತೆ, ಒಳಗೆ ಪಾರಿವಾಳದ ಗೂಡು, ರೆಕ್ಕೆ ನಡುವೆ ಹಂಚಿಕಡ್ಡಿ ಸಿಕ್ಕಿ ಫ್ಯಾನ್ ನಿಂತದ್ದು, ಗೂಡಿನಲ್ಲಿ ಎರಡು ಮೊಟ್ಟೆ ಬೇರೆ. ತೆಗೀಲಿಕ್ಕೆ ಮನಸ್ಸಾಗ್ಲಿಲ್ಲ ಹುಡುಗಿಗೆ. ಮರಿ ಹಾರಿ ಹೋಗ್ಲಿಕ್ಕೆ ಒಂದೂವರೆ ತಿಂಗಳಾದ್ರೂ ಬೇಕು, ಅಷ್ಟರ ತನಕ ಯಾರೂ ಮರ್ತು ಹಾಕ್ಬಾರ್ದು ಅಂತ ಸ್ವಿಚ್ಚಿಗೆ ಟೇಪ್ ಅಂಟಿಸಿದ್ದಾಳೆ. ಚೌತಿ ಆದ ಮೇಲೆ ನಮ್ಮ ಅಂಗಡಿಯವನ ಹುಡುಗ ಹೋಗ್ತಾನೆ, ಮೂಗು ಬಾಯಿಗೆ ಮಾಸ್ಕ್ ಕಟ್ಕೊಂಡು ಆ ಕಸ ತೆಗ್ದು, ಹೊಸ ಶಟರ್ ಮತ್ತೆ ಹೊರಗಿಂದ ಅರ್ಧ ಇಂಚಿನ ಜಾಳಿ ಹಾಕ್ಲಿಕ್ಕೆ. ಫ್ಯಾನ್ ಹಳೆಯದ್ದೇ.