ಕೆಳಗಡೆ ಎದ್ದ ಗುಳ್ಳೆಗೆ ನಾಲ್ಕು ತಿಂಗಳು ಕಾದ ನನ್ನ ಕಥೆ

ಸಕಲೇಶಪುರದ ಕಡೆ ತೋಟದ ಕೆಲಸ ನಂದು. ಹೋದ ಮಳೆಗಾಲದಲ್ಲಿ ದಿನಾ ಚಡ್ಡಿವರೆಗೂ ಒದ್ದೆ, ಆವಾಗಲೇ ಕೆಳಗಡೆ ಕೂದಲು ಬರೋ ಜಾಗದಲ್ಲಿ ಸಾಸಿವೆ ಕಾಳಷ್ಟು ಒಂದು ಗುಳ್ಳೆ ಎದ್ದಿದ್ದು. ನೋವಿಲ್ಲ, ತುರಿಕೆ ಇಲ್ಲ, ಬೆವರುಸಾಲೆ ಇರ್ಬೇಕು ಬಿಡು ಅಂದ್ಕೊಂಡೆ.

ತಿಂಗಳಾದ್ರೂ ಹೋಗ್ಲಿಲ್ಲ. ಸರಿಯಾಗಿ ನೋಡೋಣ ಅಂತ ರೇಜರ್ ತಗೊಂಡು ಬೋಳಿಸಿದೆ, ಮಾಡಿದ ದೊಡ್ಡ ದಡ್ಡತನ ಅದೇ, ಒಂದೂವರೆ ತಿಂಗಳಲ್ಲಿ ಒಂದಿದ್ದಿದ್ದು ಆರಾಯ್ತು, ಅದೂ ಬ್ಲೇಡ್ ಓಡಿದ ದಾರಿಲೇ ಸಾಲಾಗಿ. ಆಮೇಲೆ ಮೆಡಿಕಲ್‌ಗೆ ಹೋಗಿ, ಅಲ್ಲೂ ನಿಜ ಹೇಳೋಕೆ ನಾಚಿಕೆ ಆಗಿ ತೊಡೆಸಂದಿ ತುರಿಕೆ ಅಂದೆ. ಒಂದು ಟ್ಯೂಬ್ ಕೊಟ್ಟ. ಸ್ಟೀರಾಯ್ಡ್ ಅದು. ಇಂಥ ಕ್ರೀಮನ್ನ ಚೀಟಿ ಇಲ್ಲದೆ ಕೊಡಬಾರದು ಅಂತ 2018ರಲ್ಲೇ ರೂಲ್ ಬಂದಿದೆಯಂತೆ, ಯಾರು ಕೇಳ್ತಾರೆ. ನಾಲ್ಕು ದಿನ ಕೆಂಪಗಿದ್ದಿದ್ದು ಇಳೀತು, ಮೂರು ವಾರಕ್ಕೆ ಚರ್ಮ ತೆಳ್ಳಗಾಗಿ ಉರಿ ಶುರು, ಗುಳ್ಳೆ ಹನ್ನೊಂದು.

ಊರಲ್ಲಿ ತೋರಿಸಿದ್ರೆ ಗೊತ್ತಿರೋರು ಸಿಗ್ತಾರೆ ಅಂತ ಹಾಸನಕ್ಕೆ ಬಸ್ ಹತ್ತಿ ಅಲ್ಲಿನ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಹೋದೆ. ಓಪಿಡಿ ಕ್ಯೂನಲ್ಲಿ ಹಿಂದೆ ತಿರುಗಿ ನೋಡ್ತೀನಿ, ನಮ್ಮ ದೊಡ್ಡಮ್ಮನ ಮಗ! "ಏನೋ ಇಲ್ಲಿ?" ಅಂದ. "ತುರಿಕಜ್ಜಿ ಕಣಣ್ಣ" ಅಂದೆ. ಅವನು ಯಾಕೆ ಬಂದಿದ್ದ ಅಂತ ಅವನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಒಳಗೆ ಲೇಡಿ ಡಾಕ್ಟರ್. ನನಗೆ ಕೈಕಾಲು ತಣ್ಣಗಾಯ್ತು, ಆದ್ರೆ ಆಯಮ್ಮ ಕೈಮೇಲಿನ ಗಾಯ ನೋಡೋ ಥರಾನೇ ಪರದೆ ಎಳೆದು ಟಾರ್ಚ್ ಹಾಕಿ ನೋಡಿದ್ರು. ಯಾವಾಗಿಂದ, ಬೋಳಿಸಿದ್ರಾ, ಏನ್ ಹಚ್ಚಿದ್ರಿ, ಹೆಂಡತಿ ಬಿಟ್ಟು ಬೇರೆ ಸಂಪರ್ಕ ಇದ್ಯಾ, ಎಲ್ಲ ನೇರವಾಗಿ ಕೇಳಿದ್ರು. "ನಡುವೆ ಗುಳಿ ಬಿದ್ದಿದೆ ನೋಡಿ, ಹೊಳೀತಿದೆ, ಇದು ಮೊಲಸ್ಕಮ್, ಒಂಥರಾ ವೈರಸ್, ಶೇವ್ ಮಾಡಿ ನೀವೇ ಹರಡಿದ್ದೀರಿ" ಅಂದ್ರು. ಸೂಜಿ ತುದೀಲಿ ಒಂದನ್ನ ಚುಚ್ಚಿ ಒತ್ತಿದ್ರು, ನುಚ್ಚಿನ ಕಾಳಿನಷ್ಟು ಬಿಳೀದು ಹೊರಗೆ ಬಂತು. ಕ್ರೀಮ್ ಅವತ್ತೇ ನಿಲ್ಲಿಸಿದ್ರು. ದೊಡ್ಡೋರಿಗೆ ಈ ಜಾಗದಲ್ಲಿ ಬಂದ್ರೆ ಹೆಚ್ಚಾಗಿ ಸಂಪರ್ಕದಿಂದಲೇ ಬರೋದು ಅಂತ ಎಚ್‌ಐವಿ ಟೆಸ್ಟು, ಸಿಫಿಲಿಸ್ ಅನ್ನೋ ಲೈಂಗಿಕ ಕಾಯಿಲೆ ನೋಡೋ ವಿಡಿಆರ್‌ಎಲ್ ರಕ್ತ ಟೆಸ್ಟು, ಎರಡೂ ಬರೆದ್ರು. ಎಚ್‌ಐವಿ ಟೆಸ್ಟ್ ಸರ್ಕಾರಿ ಆಸ್ಪತ್ರೇಲಿ ಫ್ರೀ, ಗುಟ್ಟಾಗಿ ಇಡ್ತಾರೆ. ಎದುರಿಗೆ ಕೇಳೋಕೆ ಆಗದೇ ಇರೋರು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು, ಅದೂ ಫ್ರೀ.

ಬರೀ ಗುಳ್ಳೆಗೆ ಓಡಿ ಬರಬೇಕಾ ಮೇಡಂ ಅಂದೆ. ಎಲ್ಲದಕ್ಕೂ ಅಲ್ವಂತೆ. ಗಂಡಸರಿಗೆ ತುದಿ ಸುತ್ತ ಒಂದೇ ಅಳತೆಯ ಸಣ್ಣ ಸಣ್ಣ ಮಣಿ ಸಾಲಾಗಿರುತ್ತೆ, ಎಷ್ಟೋ ಜನಕ್ಕೆ ಇರುತ್ತೆ, ಕಾಯಿಲೆನೇ ಅಲ್ಲ. ಕೂದಲು ಒಳಗೆ ಬೆಳೆದು ಎದ್ದ ಗುಳ್ಳೆ ವಾರ ಹತ್ತು ದಿನದಲ್ಲಿ ಇಳಿಯುತ್ತೆ. ಎರಡು ವಾರ ಆದ್ರೂ ಇದ್ರೆ, ಜಾಸ್ತಿ ಆಗ್ತಿದ್ರೆ, ಹೂಕೋಸಿನ ಥರ ಬೆಳೀತಿದ್ರೆ, ರಕ್ತ ಬಂದ್ರೆ ತೋರಿಸ್ಲೇಬೇಕು. ನೀರುಗುಳ್ಳೆ ಗುಂಪಾಗಿ ಎದ್ದು ಉರಿದ್ರೆ, ಇಲ್ಲಾ ಹುಣ್ಣಾದ್ರೆ, ಎರಡು ವಾರ ಅಂತನೂ ಕಾಯಂಗಿಲ್ಲ. ಜ್ವರ ಬಂದು ಬೇಗ ಬೇಗ ಊದ್ಕೊಂಡ್ರೆ, ಉಚ್ಚೆ ಕಟ್ಟಿದ್ರೆ, ಅವತ್ತೇ ಎಮರ್ಜೆನ್ಸಿಗೆ. ನನ್ನ ತಲೇಲಿ ಕೂತಿದ್ದು ಮಾತ್ರ ಇನ್ನೊಂದು: ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯೋದೇ ಇಲ್ವಂತೆ, ಮೂರರಿಂದ ಆರು ವಾರದಲ್ಲಿ ತಾನೇ ಮಾಯುತ್ತೆ, ಕಾಯಿಲೆ ಮಾತ್ರ ಒಳಗೇ ಉಳಿಯುತ್ತೆ. ನಾನು ನಾಲ್ಕು ತಿಂಗಳು ಸುಮ್ನೆ ಇದ್ದಿದ್ದೇ ನೋವಿಲ್ಲ ಅನ್ನೋ ಧೈರ್ಯದ ಮೇಲೆ.

ಎರಡು ರಿಪೋರ್ಟೂ ನೆಗೆಟಿವ್ ಬಂತು. ಮನೇಲಿ ಮಕ್ಕಳಿಗೆ ಇಂಥದ್ದು ಇದ್ಯಾ, ಒಂದೇ ಟವೆಲ್ ಬಳಸ್ತೀರಾ ಅಂತ ಡಾಕ್ಟರ್ ಕೇಳಿದ್ರು. ರಾತ್ರಿ ನಮ್ಮನೆಯವಳಿಗೆ ಹೆದರ್ಕೊಂಡೇ ಎಲ್ಲ ಹೇಳಿದೆ. ಅವಳು ಎರಡು ನಿಮಿಷ ನನ್ನನ್ನೇ ನೋಡಿ, ಮಲಗಿದ್ದ ಮಗನ ತೋಳೆತ್ತಿ ತೋರಿಸಿದ್ಲು, ಕಂಕುಳಲ್ಲಿ ಹೊಳೆಯೋ ಗುಳ್ಳೆ ನಾಲ್ಕು, ನಡುವೆ ಗುಳಿ. "ಇದು ಯುಗಾದಿಯಿಂದ ಇದೆ, ನಿಮಗೆ ಹೇಳಿದ್ದೆ, ನೀವು ಬೆವರುಸಾಲೆ ಅಂದ್ರಿ."